ಫ್ರಿಜ್ಜಿನಲ್ಲಿಟ್ಟ ಭಂಡಾರ ರೋಗ

ಗೋಕಾಕದಲ್ಲಿ ನಾನಿರುವ ಬಾಡಿಗೆ ಮನೆಯ ಫ್ರಿಜ್ಜಿನಲ್ಲಿ, ಬೇರೆಯವರು ಬದನೆಕಾಯಿ ಮೆಣಸಿನಕಾಯಿ ಇಡುವ ಕೆಳಗಿನ ಖಾನೆಯಲ್ಲಿ, ಐದು ವರ್ಷ ನಾನೊಂದು ರೋಗವನ್ನು ಇಟ್ಟುಕೊಂಡಿದ್ದೆ. ಗೋದಿಗೆ ಬೀಳುವ ತುಕ್ಕು ರೋಗ. ನಮ್ಮ ಕಡೆ ರೈತರು ಭಂಡಾರ ರೋಗ ಅನ್ನುತ್ತಾರೆ. ರೋಗ ಬಿದ್ದ ಹೊಲದಲ್ಲಿ ಒಮ್ಮೆ ನಡೆದು ಬಂದರೆ ಸೀರೆಯ ಅಂಚಿಗೆ, ಧೋತರದ ಅಂಚಿಗೆ ದೇವರ ಭಂಡಾರ, ಅಂದರೆ ಅರಿಸಿನದ ಪುಡಿ, ಎರಚಿದ ಹಾಗೆ ಪುಡಿ ಹತ್ತಿರುತ್ತದೆ. ನನ್ನದು ಒಣಗಿದ ಎಲೆಗಳ ಮೇಲಿತ್ತು. ಎಲೆಗಳು ಕಾಗದದ ಪೊಟ್ಟಣಗಳಲ್ಲಿ, ಪೊಟ್ಟಣಗಳು ಬಿಗಿ ಮುಚ್ಚಳದ ಸ್ಟೀಲಿನ ಡಬ್ಬಿಯಲ್ಲಿ, ಡಬ್ಬಿಯ ತಳದಲ್ಲಿ ಪಸೆ ಹೀರಲೆಂದು ಹುರಿದ ಅಕ್ಕಿ ಒಂದು ಮುಷ್ಟಿ.

ಮನೆಯ ಮಾಲಕರ ಹೆಂಡತಿ ಒಮ್ಮೆ ಹೆಪ್ಪಿಗೆಂದು ಮೊಸರು ಕೇಳಲು ಬಂದವರು ಡಬ್ಬಿ ಕಂಡು, “ಇದೇನ್ರಿ ಬಾಯಾರ, ಉಂಡಿ ಮಾಡಿ ಇಟ್ಟೀರೇನ್ರಿ?” ಎಂದರು. ಶಿಕ್ಷಕಿಯರನ್ನು ನಮ್ಮಲ್ಲಿ ಬಾಯಾರು ಎಂದೇ ಕರೆಯುವುದು.

“ಅಲ್ರಿ, ಕಾಲೇಜಿಂದು,” ಎಂದೆ.

ಕಾಲೇಜಿನದು ನಿಮ್ಮ ಫ್ರಿಜ್ಜಿನಲ್ಲಿ ಯಾಕೆ ಎಂದು ಅವರು ಕೇಳಲಿಲ್ಲ. ಕೇಳಿದ್ದರೆ ಸಿಡುಕುತ್ತಿದ್ದೆ. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂಬುದು ಓಣಿಗೆಲ್ಲ ಗೊತ್ತು. ಇಪ್ಪತ್ತಾರು ವರ್ಷದಿಂದ ಡಿಗ್ರಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದೇನೆ, ಮಕ್ಕಳು ನನ್ನ ಬೆನ್ನ ಹಿಂದೆ ನನ್ನನ್ನು ‘ಕೆಂಪು ಪೆನ್ನು’ ಅನ್ನುತ್ತಾರೆ. ಅದು ನನಗೆ ಗೊತ್ತಿದೆ ಎಂಬುದು ಅವರಿಗೆ ಗೊತ್ತಿಲ್ಲ.

ಕಾಲೇಜಿನದು ಎಂದದ್ದು ಅರ್ಧ ಸುಳ್ಳು. ಅದು ನನ್ನ ಗಂಡ ತಂದುಕೊಟ್ಟದ್ದು.

ತುಕ್ಕನ್ನು ಯಾರಾದರೂ ಹೊಲದಿಂದ ತಂದೇ ಕೊಡಬೇಕು, ಬೇರೆ ದಾರಿಯಿಲ್ಲ. ಉಳಿದ ಬೂಷ್ಟುಗಳು ಹಾಗಲ್ಲ. ಹಳಸಿದ ಬ್ರೆಡ್ಡನ್ನು ಒದ್ದೆ ಮಾಡಿ ಮೂಲೆಗಿಟ್ಟರೆ ಮೂರು ದಿನಕ್ಕೆ ಒಂದು ಜಾತಿ ಸಿಗುತ್ತದೆ, ಕೊಳೆತ ನಿಂಬೆಹಣ್ಣಿನ ಮೇಲೆ ಇನ್ನೊಂದು. ತುಕ್ಕಿಗೆ ಜೀವ ಇರುವ ಎಲೆಯೇ ಬೇಕು. ರೋಗ ಬಿದ್ದ ಎಲೆಯನ್ನು ಬ್ಲೇಡಿನಿಂದ ತೆಳ್ಳಗೆ ಕೊಯ್ದು, ನೀಲಿ ಬಣ್ಣ ಕುಡಿಸಿ ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಯಾಕೆಂದು ತಿಳಿಯುತ್ತದೆ. ಎಲೆಯ ಕೋಶಗಳ ನಡುವಿನ ಸಂದಿಯಲ್ಲಿ ತುಕ್ಕಿನ ಎಳೆಗಳು ಹರಿದಾಡುತ್ತಿರುತ್ತವೆ. ಅಲ್ಲಲ್ಲಿ ಒಂದು ಎಳೆಯಿಂದ ಸಣ್ಣ ಕುತ್ತಿಗೆಯಂಥದು ಹೊರಟು ಕೋಶದ ಗೋಡೆಗೆ ತೂತು ಕೊರೆದು ಒಳಗೆ ಹೋಗಿ, ಅಲ್ಲಿ ಚೀಲದ ಹಾಗೆ ಉಬ್ಬಿಕೊಳ್ಳುತ್ತದೆ. ಪಾಠದಲ್ಲಿ ಅದಕ್ಕೆ ಹಾಸ್ಟೋರಿಯಂ ಅನ್ನುತ್ತೇವೆ. ತುಕ್ಕು ಉಣ್ಣುವುದು ಅದರಿಂದ. ಗೋಡೆಯ ಒಳಬದಿಗೆ ಒಂದು ತೆಳುಪೊರೆ ಇರುತ್ತದೆ. ನಮ್ಮ ಲ್ಯಾಬಿನ ಸೂಕ್ಷ್ಮದರ್ಶಕಕ್ಕೆ ಅದು ಕಾಣುವುದಿಲ್ಲ, ಪುಸ್ತಕದ ಚಿತ್ರದಲ್ಲಿ ನೋಡಬೇಕು. ಆ ಪೊರೆಯನ್ನು ಮಾತ್ರ ತುಕ್ಕು ಹರಿಯುವುದಿಲ್ಲ. ಅದನ್ನು ಒಳಕ್ಕೆ ಒತ್ತಿ, ಅದನ್ನೇ ಮೈಮೇಲೆ ಹೊದ್ದುಕೊಂಡು ಕೂರುತ್ತದೆ. ಪೊರೆ ಹರಿದರೆ ಕೋಶ ಸಾಯುತ್ತದೆ, ಕೋಶ ಸತ್ತರೆ ತುಕ್ಕಿಗೂ ಅನ್ನವಿಲ್ಲ.

ನನ್ನ ಗಂಡನಿಗೆ ಇದನ್ನು ತೋರಿಸಿದ್ದೆ. ಅವರು ಕುಲಗೋಡದ ರೈತ. ಹೊಲ ಅಲ್ಲಿ, ನನ್ನ ಕೆಲಸ ಇಲ್ಲಿ, ಹೀಗಾಗಿ ಮದುವೆಯಾದ ಲಾಗಾಯ್ತು ನಾವು ವಾರಕ್ಕೆ ಎರಡು ದಿನದ ಗಂಡಹೆಂಡತಿ. ಶನಿವಾರ ಮಧ್ಯಾಹ್ನ ನಾನು ಮೂಡಲಗಿ ಬಸ್ಸು ಹಿಡಿದು ಹೋಗುತ್ತಿದ್ದೆ, ಸೋಮವಾರ ಮುಂಜಾನೆ ಮರಳುತ್ತಿದ್ದೆ. ಮಕ್ಕಳಾಗಲಿಲ್ಲ. ಜನವರಿಯಲ್ಲಿ ಒಂದು ಬುಧವಾರ ಮಾತ್ರ ಅವರು ತಾವೇ ಗೋಕಾಕಕ್ಕೆ ಬರುತ್ತಿದ್ದರು. ಬಗಲಲ್ಲಿ ಒದ್ದೆ ಟವೆಲ್ಲಿನಲ್ಲಿ ಸುತ್ತಿದ ಗೋದಿಯ ಎಲೆ, ದಂಟು. ಲ್ಯಾಬಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಮಕ್ಕಳ ಮುಂದೆಯೇ ಕೂಗುವರು: “ಬಾಯಾರ, ನಿಮ್ಮ ರೋಗ ತಂದೀನ್ರಿ!”

ಹುಡುಗಿಯರು ಕಿಸಿಕಿಸಿ ನಗುವರು. ನಾನು ಕಣ್ಣು ಬಿಡುತ್ತಿದ್ದೆ. ಆ ಒಂದು ದಿನಕ್ಕಾಗಿ ವರ್ಷವಿಡೀ ಕಾಯುತ್ತಿದ್ದೆನೆಂದು ಅವರಿಗೆ ಒಮ್ಮೆಯೂ ಹೇಳಲಿಲ್ಲ.

ಊರಲ್ಲಿ ಭಂಡಾರ ರೋಗ ಕಂಡು ಹಿಗ್ಗುತ್ತಿದ್ದ ರೈತ ಅವರೊಬ್ಬರೇ. ಅದರಲ್ಲೂ ಅವರು ತರುತ್ತಿದ್ದದ್ದು ಕರಿ ತುಕ್ಕು. ಗೋದಿಗೆ ಬರುವ ತುಕ್ಕಿನಲ್ಲಿ ಜಾತಿಗಳಿವೆ. ಕಂದು ತುಕ್ಕು ಎಲ್ಲ ಕಡೆ ಸಿಗುತ್ತದೆ, ಎಲೆಯ ಮೇಲೆ ಸಾಸಿವೆಯಷ್ಟು ದುಂಡು ಚುಕ್ಕಿ. ಕರಿ ತುಕ್ಕು ದಂಟಿಗೂ ಬರುತ್ತದೆ. ಇಟ್ಟಂಗಿ ಬಣ್ಣದ ಉದ್ದುದ್ದ ಗುಳ್ಳೆ, ಒಡೆದ ಚರ್ಮದ ಹಾಗೆ ಅಂಚು ಹರಿದಿರುತ್ತದೆ, ಬೆಳೆ ಮಾಗುವಾಗ ಕಪ್ಪಾಗುತ್ತದೆ. ಈಗಿನ ತಳಿಗಳಿಗೆ ಅದು ಬರುವುದೇ ಅಪರೂಪ. ಅದಕ್ಕೆಂದೇ ಅವರು ಬಾವಿಯ ಬಾಜೂ, ಕಬ್ಬಿನ ನಡುವೆ, ಒಂದು ಸಾಲು ಹಳೆಯ ಜವಾರಿ ಗೋದಿ ಬಿತ್ತಿ ಔಷಧಿ ಹೊಡೆಯದೆ ಬಿಡುತ್ತಿದ್ದರು. ಬಾಜೂ ಹೊಲದವರು ಬಂದು ಜಗಳ ತೆಗೆದರೆ, “ನನ್ನ ಹೆಣ್ತಿ ಸಾಲಿ ಮುಂದ ಹೋಗಿ ಬಯ್ರಿ, ನಿಮಗ ಧೈರ್ಯ ಇದ್ರ,” ಎನ್ನುವರಂತೆ. ಯಾರೂ ಬರಲಿಲ್ಲ.

ಸೂಕ್ಷ್ಮದರ್ಶಕದಲ್ಲಿ ನೋಡಲು ಅವರಿಗೆ ಒಂದು ಕಣ್ಣು ಮುಚ್ಚಲು ಬರುತ್ತಿರಲಿಲ್ಲ. ಟೊಪಗಿಯನ್ನು ಎಡಗಣ್ಣಿನ ಮೇಲೆ ಎಳೆದುಕೊಂಡು ಬಗ್ಗಿದರು. ಬಹಳ ಹೊತ್ತು ಎದ್ದೇಳಲಿಲ್ಲ.

“ಏನ ಕಂಡ್ರಿ?” ಎಂದೆ.

“ಮನ್ಯಾಗ ಹೊಕ್ಕೈತಿ, ಉಣ್ಣಾಕತ್ತೈತಿ, ಮಾಲಕಗ ಸುದ್ದೀನ ಇಲ್ಲ,” ಎಂದರು. “ಅಲ್ಲ, ಪ್ರತಿ ಕೋಣ್ಯಾಗ ಎರಡೆರಡು ಚುಕ್ಕಿ ಅದಾವಲ್ಲ, ಅವೇನು?”

ಅವು ಕೋಶಕೇಂದ್ರಗಳು. ತುಕ್ಕಿನ ವಿಚಿತ್ರವೇ ಅದು. ಗಿಡಕ್ಕಾಗಲಿ ನಮಗಾಗಲಿ ಒಂದು ಕೋಶಕ್ಕೆ ಒಂದು ಕೋಶಕೇಂದ್ರ. ಗೋದಿಯ ಮೇಲಿರುವ ತುಕ್ಕಿಗೆ ಎರಡು. ಎರಡು ಬೇರೆ ಬೇರೆ ಕಡೆಯಿಂದ ಬಂದವು, ಒಂದೇ ಕೋಶದಲ್ಲಿ ಪಕ್ಕಪಕ್ಕ ಇರುತ್ತವೆ, ಕೋಶ ಒಡೆದು ಎರಡಾದಾಗ ಇವೂ ಜೊತೆಜೊತೆಗೇ ಒಡೆಯುತ್ತವೆ, ಆದರೆ ಕೂಡುವುದಿಲ್ಲ. ಕೊನೆಯಲ್ಲಿ, ತುಕ್ಕಿಗೆ ಬೀಜದಂತಿರುವ ಕಪ್ಪು ಬೀಜಕ ಆದಾಗ, ಅದರ ದಪ್ಪ ಗೋಡೆಯ ಒಳಗೆ, ಆಗ ಕೂಡುತ್ತವೆ. ಆ ಕಪ್ಪು ಬೀಜಕ ಮುಂದೆ ಬೆಳೆಯಬೇಕಾದರೆ ಬೇರೊಂದು ಜಾತಿಯ ಗಿಡ ಬೇಕು. ನಮ್ಮ ಬಯಲಿನಲ್ಲಿ ಆ ಗಿಡವೇ ಇಲ್ಲ. ಇಷ್ಟೆಲ್ಲ ಆಗಿ ಏನೂ ಆಗದೆ ಹೊಲದಲ್ಲೇ ಉದುರಿ ಹೋಗುತ್ತದೆ.

ಇದನ್ನು ನಾನು ಅವರಿಗೆ ಅಂದು ಪಾಠದ ಹಾಗೆ ಹೇಳಿದೆ. ಅವರು ತಲೆ ಎತ್ತಿ ನನ್ನ ಮುಖ ನೋಡಿ, ಟೊಪಗಿ ಸರಿಮಾಡಿಕೊಂಡು, “ಪಾಪ,” ಎಂದರು. ಮಕ್ಕಳಿದ್ದರು, ಅದಕ್ಕೆ ಮುಂದೆ ಏನೂ ಅನ್ನಲಿಲ್ಲ. ನಾನೂ ಮುಂದಿನ ಸ್ಲೈಡು ಹಚ್ಚಿದೆ.

ಐದು ವರ್ಷದ ಹಿಂದೆ ಅವರು ಬುಧವಾರ ಎಲೆ ಕೊಟ್ಟು ಹೋದರು. ಶುಕ್ರವಾರ ಹೊಲದಲ್ಲಿ ಮೇವು ಕೊಯ್ಯುವಾಗ ಎದೆ ಹಿಡಿದುಕೊಂಡು ಕುಳಿತವರು ಏಳಲಿಲ್ಲ. ಘಟಪ್ರಭಾದ ದವಾಖಾನೆಗೆ ಒಯ್ಯುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮೈದುನ ಫೋನು ಮಾಡಿದಾಗ ನಾನು ಅವರು ತಂದ ಎಲೆಯನ್ನೇ ಕೊಯ್ಯುತ್ತಿದ್ದೆ. ಕೈಯಲ್ಲಿ ಬ್ಲೇಡು ಇತ್ತು, ಎಲೆಯನ್ನು ಹಿಡಿದಿಡಲು ಸೀಳಿದ ಗಜ್ಜರಿ ಇತ್ತು. ಬ್ಲೇಡನ್ನು ಒರೆಸಿ, ಕಾಗದದಲ್ಲಿ ಸುತ್ತಿ, ಡಬ್ಬಿಯಲ್ಲಿಟ್ಟು ಆಮೇಲೆ ಎದ್ದೆ. ಅಷ್ಟು ಶಿಸ್ತು ಯಾಕೆ ಬೇಕಿತ್ತೋ, ಇವತ್ತಿಗೂ ನನ್ನ ಮೇಲೆ ನನಗೆ ಸಿಟ್ಟು ಬರುತ್ತದೆ.

ದಿನಕರ್ಮವೆಲ್ಲ ಮುಗಿಸಿ ಕಾಲೇಜಿಗೆ ಬಂದಾಗ ಒದ್ದೆ ಟವೆಲ್ಲಿನ ಎಲೆಗಳು ಮೇಜಿನ ಮೇಲೆ ಒಣಗಿ ಬಿದ್ದಿದ್ದವು. ಪುಡಿ ಇನ್ನೂ ಇಟ್ಟಂಗಿ ಬಣ್ಣದ್ದೇ. ಆ ಪುಡಿ ಎಂದರೆ ತುಕ್ಕಿನ ಬೀಜಕಗಳು. ಒಣಗಿಸಿ ತಂಪಿನಲ್ಲಿಟ್ಟರೆ ಕೆಲವು ತಿಂಗಳು ಜೀವ ಹಿಡಿದುಕೊಂಡಿರುತ್ತವೆ ಎಂದು ಓದಿದ್ದೆ. ಮನೆಗೆ ತಂದು ಪೊಟ್ಟಣ ಕಟ್ಟಿದೆ. ಆ ಬೇಸಿಗೆಯಲ್ಲಿ ಮೈದುನ ಬಾವಿಯ ಬಾಜೂ ಇದ್ದ ಸಾಲನ್ನೂ ಕಬ್ಬಿಗೆ ಸೇರಿಸಿದ. ಅವನದೇನೂ ತಪ್ಪಿಲ್ಲ, ರೋಗ ಬೆಳೆಯಲು ಯಾರು ಹೊಲ ಬಿಡುತ್ತಾರೆ? ಜವಾರಿ ಬೀಜ ಒಂದು ಸೇರು ನನಗೆ ಕಳಿಸಿಕೊಟ್ಟ.

ದೀಪಾವಳಿ ಮುಗಿದ ಮೇಲೆ ಮನೆಯ ಮಾಳಿಗೆಯಲ್ಲಿ ಆರು ಕುಂಡಗಳಲ್ಲಿ ಆ ಬೀಜ ಹಾಕಿದೆ. ಸಸಿ ಗೇಣುದ್ದ ಆದಾಗ ಎಲೆಗಳನ್ನು ನೀರು ಹಚ್ಚಿದ ಬೆರಳಿನಿಂದ ಸವರಿ, ಪೊಟ್ಟಣದ ಪುಡಿಯನ್ನು ಬ್ರಷ್ಷಿನಿಂದ ಹಚ್ಚಿ, ಪ್ಲಾಸ್ಟಿಕ್ ಹೊದಿಸಿದೆ. ಮಾರನೆಯ ದಿನ ಹೊದಿಕೆ ತೆಗೆದೆ. ಒಂದು ವಾರ ಏನೂ ಇಲ್ಲ. ಹತ್ತು ದಿನ, ಏನೂ ಇಲ್ಲ. ಹದಿನೈದು ದಿನ, ಆಗಲೂ ಏನೂ ಇಲ್ಲ. ಊಟ ಸೇರಲಿಲ್ಲ. ಹದಿನೆಂಟೋ ಹತ್ತೊಂಬತ್ತೋ, ಒಂದು ಮುಂಜಾನೆ ಒಂದು ಎಲೆಯ ಮೇಲೆ ಮೂರು ಚುಕ್ಕಿ. ಮಾಳಿಗೆಯ ಮೇಲೆ ಕುಕ್ಕರಗಾಲಲ್ಲಿ ಕೂತು ಬೆರಳಿನಿಂದ ಮುಟ್ಟಿದೆ, ಬೆರಳಿಗೆ ಪುಡಿ ಹತ್ತಿತು. ಅವರು ತೀರಿದ ಮೇಲೆ ನಾನು ನಕ್ಕದ್ದು ಆವತ್ತೇ ಮೊದಲು.

ಆಮೇಲೆ ಅದು ನನ್ನ ದಿನಚರಿ ಆಯಿತು. ಚಳಿಗಾಲದಲ್ಲಿ ಹಳೆಯ ಸಸಿಯಿಂದ ಹೊಸ ಸಸಿಗೆ ದಾಟಿಸುವುದು, ಬಿಸಿಲು ಏರುವ ಹೊತ್ತಿಗೆ ಎಲೆ ಒಣಗಿಸಿ ಪೊಟ್ಟಣ ಕಟ್ಟಿ ಮೇಲೆ ವರ್ಷ ಬರೆದು ಫ್ರಿಜ್ಜಿಗೆ ಇಡುವುದು, ದೀಪಾವಳಿಗೆ ಮತ್ತೆ ಬಿತ್ತುವುದು. ಶನಿವಾರ ಹೋಗಲು ಊರಿರಲಿಲ್ಲ. ಹೋದರೆ ನೆಗೆಣ್ಣಿ, ಮೈದುನನ ಹೆಂಡತಿ, ಪ್ರೀತಿಯಿಂದಲೇ ಮಾತಾಡಿಸುತ್ತಿದ್ದಳು, ಆದರೆ ಆ ಮನೆಯಲ್ಲಿ ನಾನು ಎಲ್ಲಿ ಕೂರಬೇಕು ಎಂಬುದೇ ನನಗೆ ತಿಳಿಯುತ್ತಿರಲಿಲ್ಲ. ಶನಿವಾರ ಮಧ್ಯಾಹ್ನ ಕಾಲೇಜು ಬಿಟ್ಟು ಮನೆಗೆ ಬಂದು ಬಾಗಿಲು ಹಾಕಿಕೊಂಡರೆ ಸೋಮವಾರ ಹಾಜರಿ ಕರೆಯುವಾಗಲೇ ನನ್ನ ದನಿ ನನಗೆ ಕೇಳುತ್ತಿದ್ದದ್ದು. ಕೆಲವು ಸೋಮವಾರ ಮೊದಲ ಹೆಸರು ಕರೆಯುವಾಗ ಗಂಟಲು ಕಟ್ಟಿರುತ್ತಿತ್ತು. ಮಕ್ಕಳು ನೆಗಡಿ ಎಂದುಕೊಳ್ಳುತ್ತಿದ್ದರು. ಆ ಎರಡು ದಿನ ನಾನು ಕುಂಡಗಳ ಮುಂದೆ ಕೂರುತ್ತಿದ್ದೆ. ಅವರ ಕೈಯಿಂದ ಬಂದದ್ದು, ಅವರ ಹೊಲದ್ದು, ಇನ್ನೂ ಉಣ್ಣುತ್ತಿದೆ, ಇನ್ನೂ ಬೆಳೆಯುತ್ತಿದೆ. ಫೋಟೋಕ್ಕೆ ಹಾರ ಹಾಕಿದ್ದೆ, ಆದರೆ ಫೋಟೋದ ಮುಂದೆ ನಾನು ಕೂತವಳಲ್ಲ.

ಒಂದು ಕೆಲಸ ಮಾತ್ರ ನಾನು ಮಾಡಲಿಲ್ಲ. ನನ್ನ ಕುಂಡದ ಎಲೆಯನ್ನು ಒಮ್ಮೆಯೂ ಸೂಕ್ಷ್ಮದರ್ಶಕದ ಕೆಳಗೆ ಇಡಲಿಲ್ಲ. ಇಡುವ ಅಗತ್ಯ ಇರಲಿಲ್ಲ ಎಂದು ಹೇಳಬಹುದು. ಬಹಳ ಹಿಂದೆ ಅವರು ತಂದ ಎಲೆಯಿಂದಲೇ ಮಾಡಿ, ಉಗುರಿನ ಬಣ್ಣದಿಂದ ಅಂಚು ಮುಚ್ಚಿದ ಒಂದು ಒಳ್ಳೆಯ ಸ್ಲೈಡು ಲ್ಯಾಬಿನಲ್ಲಿತ್ತು. ಪ್ರತಿ ವರ್ಷ ಪಾಠಕ್ಕೆ ಅದನ್ನೇ ತೋರಿಸುತ್ತಿದ್ದೆ. ಕುಂಡಗಳನ್ನು ಲ್ಯಾಬಿನ ಕಿಟಕಿಯಲ್ಲಿಟ್ಟು, ರೋಗ ಬರಿಗಣ್ಣಿಗೆ ಹೀಗೆ ಕಾಣುತ್ತದೆ ಎನ್ನುತ್ತಿದ್ದೆ. ಚುಕ್ಕಿಗಳು ಸಣ್ಣವು, ಅವರು ತರುತ್ತಿದ್ದವುಗಳ ಹಾಗೆ ಉದ್ದವಿಲ್ಲ ಎಂದು ಕಂಡಿತ್ತು. ಕುಂಡದ ಬಡ ಸಸಿ, ಅದಕ್ಕೆ ಹಾಗೆ ಎಂದುಕೊಂಡೆ. ಬಣ್ಣ ಸ್ವಲ್ಪ ತೆಳುವಾಗಿತ್ತು. ಮಾಳಿಗೆಯ ಬಿಸಿಲು ಎಂದುಕೊಂಡೆ. ದಂಟಿಗೆ ಒಮ್ಮೆಯೂ ಬರಲಿಲ್ಲ. ಅದಕ್ಕೂ ಏನೋ ಒಂದು ಅಂದುಕೊಂಡೆ. ಇದೇ ಮಾತನ್ನು ಒಬ್ಬ ವಿದ್ಯಾರ್ಥಿ ಹೇಳಿದ್ದರೆ ಅವನ ಪುಸ್ತಕ ಕಿಟಕಿಯಿಂದ ಹೊರಗೆ ಹೋಗುತ್ತಿತ್ತು.

ಈ ವರ್ಷದ ತರಗತಿಗೆ ಹುಕ್ಕೇರಿ ಕಡೆಯ ಹಳ್ಳಿಯಿಂದ ಒಬ್ಬ ಹುಡುಗಿ ಬಂದಿದ್ದಾಳೆ. ದಿನಾ ಎರಡು ಬಸ್ಸು ಬದಲಿಸಿ ಬರುತ್ತಾಳೆ, ಕೊನೆಯ ಬೆಂಚಿನಲ್ಲಿ ಒಬ್ಬಳೇ ಕೂರುತ್ತಾಳೆ. ಮಾತು ಕಡಿಮೆ. ಇಲ್ಲಿ ನಮ್ಮ ಕಾಲೇಜುಗಳ ಒಂದು ರೂಢಿಯನ್ನು ಹೇಳಬೇಕು. ಪ್ರಾಕ್ಟಿಕಲ್ಲಿನ ಚಿತ್ರ ಬಿಡಿಸುವ ಪುಸ್ತಕಕ್ಕೆ ರೆಕಾರ್ಡು ಅನ್ನುತ್ತೇವೆ. ನೋಡಿದ್ದನ್ನು ಅದರಲ್ಲಿ ಬಿಡಿಸಬೇಕು. ಯಾರೂ ಬಿಡಿಸುವುದಿಲ್ಲ. ಹಾಸ್ಟೆಲಿನಲ್ಲೋ ಓಣಿಯಲ್ಲೋ ಇರುವ ಹಿಂದಿನ ವರ್ಷದವರ ರೆಕಾರ್ಡು ತಂದು, ಅದನ್ನು ನೋಡಿ ಬಿಡಿಸುತ್ತಾರೆ. ಅವರು ಅದರ ಹಿಂದಿನ ವರ್ಷದವರದನ್ನು ನೋಡಿ ಬಿಡಿಸಿರುತ್ತಾರೆ. ಎಲ್ಲಕ್ಕೂ ಮೂಲ ನಾನು ಎಂದೋ ಬೋರ್ಡಿನ ಮೇಲೆ ಬರೆದ ಚಿತ್ರ. ನನ್ನ ಚಿತ್ರ ನನಗೇ ತಿರುಗಿ ಬರುತ್ತದೆ, ನಾನು ಸರಿ ಎಂದು ಸಹಿ ಹಾಕುತ್ತೇನೆ. ಇದು ತಪ್ಪೆಂದು ಗೊತ್ತು. ಎಲ್ಲ ಕಾಲೇಜಿನಲ್ಲೂ ಹೀಗೇ ಎಂದು ಸುಮ್ಮನಿದ್ದೆ.

ಈ ಹುಡುಗಿಗೆ ಹಳೆಯ ರೆಕಾರ್ಡು ಕೊಡುವವರು ಯಾರೂ ಇರಲಿಲ್ಲ.

ಜನವರಿಯಲ್ಲಿ ತುಕ್ಕಿನ ಪ್ರಾಕ್ಟಿಕಲ್ ಬಂತು. ಸ್ಲೈಡು ಒಂದು, ಒಳ್ಳೆಯ ಸೂಕ್ಷ್ಮದರ್ಶಕ ಒಂದು, ಮಕ್ಕಳು ಇಪ್ಪತ್ತೆರಡು. ಸಾಲು ಹಚ್ಚಿ ನೋಡುತ್ತಿದ್ದರು. ಅವಳು ಎಂದಿನಂತೆ ಕೊನೆಗೆ. ಅವಳ ಬಸ್ಸಿನ ಹೊತ್ತಾಗುತ್ತಿತ್ತು, ನಾನು ಬೇಸತ್ತು, “ನೀ ಕುಂಡದಾನ ಎಲಿ ಕೊಯ್ದು ನೋಡು, ಎಲ್ಲಾ ಒಂದ,” ಎಂದು ಹಳೆಯ ಸೂಕ್ಷ್ಮದರ್ಶಕದ ಕಡೆ ಕೈ ತೋರಿಸಿದೆ. ಅವಳು ಗಜ್ಜರಿ ಸೀಳಿ, ನಡುವೆ ಎಲೆಯಿಟ್ಟು, ಬ್ಲೇಡಿನಿಂದ ಕೊಯ್ದಳು. ಕೈ ನಿಧಾನ, ಆದರೆ ಸ್ಥಿರ.

ಮರುದಿನ ರೆಕಾರ್ಡು ತಂದು ಇಟ್ಟಳು. ಬೀಜಕಗಳನ್ನು ದುಂಡಗೆ ಬಿಡಿಸಿದ್ದಳು. ಕರಿ ತುಕ್ಕಿನ ಬೀಜಕ ಉದ್ದ, ಶೇಂಗಾಬೀಜದ ಹಾಗೆ. ಅದರ ನಡುವಿಗೆ ಸುತ್ತ ನಾಲ್ಕು ರಂಧ್ರ, ಮೊಳಕೆ ಹೊರಗೆ ಬರುವ ಬಾಗಿಲುಗಳು. ಇವಳದು ಗೋಲಿಯ ಹಾಗೆ ದುಂಡು, ರಂಧ್ರಗಳು ಎಲ್ಲೆಂದರಲ್ಲಿ. ಕೆಂಪು ಪೆನ್ನಿನಿಂದ ಉದ್ದಕ್ಕೆ ಗೀಟು ಎಳೆದು ‘ತಪ್ಪು, ಹೊಸದಾಗಿ ತೆಗೆ’ ಎಂದು ಬರೆದೆ.

ಅವಳು ಮತ್ತೆ ಎಲೆ ಕೊಯ್ದಳು, ಮತ್ತೆ ದುಂಡಗೆ ಬಿಡಿಸಿ ತಂದಳು. ಈ ಸಲ ರಂಧ್ರಗಳನ್ನು ಎಣಿಸಿ ಏಳು ಎಂದೂ ಬರೆದಿದ್ದಳು. ಮತ್ತೆ ಗೀಟು ಎಳೆದೆ. ಮೂರನೆಯ ಸಲ ಸ್ಲೈಡಿನ ಜೊತೆಗೇ ತಂದಾಗ ಎಲ್ಲರ ಮುಂದೆ ಬೈದೆ.

“ಬೋರ್ಡ್ ಮ್ಯಾಲ ಏನ ತಗದೇನಿ ನಾ? ಕಣ್ಣ ಅದಾವಿಲ್ಲ? ಎಲ್ಲಾರೂ ಉದ್ದ ತಗದಾರ, ನಿಂದೊಂದ ಯಾಕ ದುಂಡಗ ಆಕ್ಕೈತಿ?”

ಅವಳ ಕಣ್ಣು ತುಂಬಿದವು. ಆದರೂ ಹೇಳಿದಳು: “ಬೋರ್ಡ್ ಮ್ಯಾಲಿಂದು ಉದ್ದ ಐತ್ರಿ ಮ್ಯಾಡಮ್. ನನಗ ಕಂಡದ್ದು ದುಂಡಗ ಐತ್ರಿ. ಯಾವದು ತಗೀಲ್ರಿ?”

ಯಾರೋ ಮುಂದಿನ ಬೆಂಚಿನಲ್ಲಿ ನಕ್ಕರು. ನನಗೆ ತಲೆ ಕೆಟ್ಟಿತು. ಅವಳ ಸ್ಲೈಡನ್ನು ಕಿತ್ತುಕೊಂಡು ಒಳ್ಳೆಯ ಸೂಕ್ಷ್ಮದರ್ಶಕದ ಕೆಳಗೆ ಹಾಕಿದೆ. ಅವಳ ತಪ್ಪನ್ನು ಅವಳಿಗೇ ತೋರಿಸಿ ಕಳಿಸಬೇಕೆಂದು ಬಗ್ಗಿ ನೋಡಿದೆ.

ದುಂಡಗಿದ್ದವು.

ಸ್ಲೈಡನ್ನು ಸರಿಸಿದೆ. ಆ ಮೂಲೆಯಲ್ಲೂ ದುಂಡು. ಕುಂಡದಿಂದ ಇನ್ನೊಂದು ಎಲೆ ಕಿತ್ತು ನಾನೇ ಕೊಯ್ದೆ. ಎರಡು ಸಲ ದಪ್ಪ ಬಂತು, ಮೂರನೆಯದು ಸರಿಯಾಯಿತು. ಎಲೆಯ ಕೋಶಗಳು, ನಡುವೆ ಎಳೆಗಳು, ಒಳಗೆ ಹೋಗಿ ಉಬ್ಬಿದ ಚೀಲಗಳು, ಜೋಡಿ ಜೋಡಿ ಕೋಶಕೇಂದ್ರ, ಎಲ್ಲ ಇದ್ದವು. ಮೇಲೆ ಗುಳ್ಳೆಯ ತುಂಬ ದುಂಡು ಬೀಜಕ, ಮೈಯೆಲ್ಲ ಸಣ್ಣ ಮುಳ್ಳು, ಚದುರಿದ ರಂಧ್ರ. ಕಂದು ತುಕ್ಕು. ಯಾವ ಹೊಲದಲ್ಲಾದರೂ ಸಿಗುವ, ಗಾಳಿಯಲ್ಲಿ ಹಾರಿಬಂದು ಯಾವ ಮಾಳಿಗೆಯ ಕುಂಡದ ಮೇಲಾದರೂ ಕೂರುವ ಕಂದು ತುಕ್ಕು.

“ಎಲ್ಲಾರೂ ಹೋಗ್ರಿ,” ಎಂದೆ. ಹೋದರು.

ಭಾನುವಾರ ಡಬ್ಬಿಯನ್ನು ಚೀಲದಲ್ಲಿಟ್ಟುಕೊಂಡು ಕಾಲೇಜಿಗೆ ಹೋದೆ. ಜವಾನನಿಂದ ಬೀಗದ ಕೈ ತರಿಸಿ ಲ್ಯಾಬು ತೆರೆದೆ. ಒಂದೇ ಆಸೆ ಉಳಿದಿತ್ತು. ಈ ವರ್ಷ ಮಾತ್ರ ಹೀಗಾಗಿರಬಹುದು, ಗಾಳಿಯ ತುಕ್ಕು ಈ ವರ್ಷ ಕೂತಿರಬಹುದು, ಹೋದ ವರ್ಷದ ಪೊಟ್ಟಣದಲ್ಲಿ ಅವರದು ಇನ್ನೂ ಇದ್ದೀತು. ಹೋದ ವರ್ಷದ್ದನ್ನು ಬಿಚ್ಚಿ ನೋಡಿದೆ. ದುಂಡು. ಅದರ ಹಿಂದಿನದು ದುಂಡು. ಅದರ ಹಿಂದಿನದೂ. ನಾನು ಮಾಳಿಗೆಯ ಮೇಲೆ ಕೂತು ನಕ್ಕಿದ್ದೆನಲ್ಲ, ಆ ಮೊದಲ ವರ್ಷದ ಪೊಟ್ಟಣವನ್ನು ಬಿಚ್ಚಲು ಬಹಳ ಹೊತ್ತು ಹಿಡಿಯಿತು. ಅದೂ ದುಂಡು.

ತಳದಲ್ಲಿ ಅವರು ಬುಧವಾರ ಕೊಟ್ಟು ಹೋದ ಎಲೆಗಳ ಪೊಟ್ಟಣ ಇತ್ತು. ಅದರೊಳಗಿನ ಬೀಜಕಗಳು ಉದ್ದವಾಗಿದ್ದವು, ನಡುವಿಗೆ ನಾಲ್ಕು ರಂಧ್ರ. ಒಳಗೆ ಏನೂ ಇರಲಿಲ್ಲ. ಬಣ್ಣ ಹೋಗಿ, ಕುಗ್ಗಿ, ಗೋಡೆಯಷ್ಟೇ ಉಳಿದಿತ್ತು.

ಆ ಮೇಜಿನ ಮುಂದೆ ಕೂತಾಗ ನೆನಪಾಯಿತು. ಅವರು ತೀರಿದ ವರ್ಷದ ಬೇಸಿಗೆ ರಜೆಯಲ್ಲಿ, ನೆಗೆಣ್ಣಿ ಕರೆದಳೆಂದು, ನಾನು ಒಂದು ತಿಂಗಳು ಕುಲಗೋಡದಲ್ಲಿದ್ದೆ. ಹೊರಡುವಾಗ ಗ್ಯಾಸು ನೋಡಿದೆ, ನಲ್ಲಿ ನೋಡಿದೆ, ಎಂದಿನ ಹಾಗೆ ಕರೆಂಟಿನ ಮೇನ್ ಸ್ವಿಚ್ಚು ಕೆಳಗೆ ಎಳೆದೆ. ಮರಳಿ ಬಂದಾಗ ಫ್ರಿಜ್ಜಿನ ಮೊಸರಿಗೆ ಹಸಿರು ಬೂಷ್ಟು ಬಂದಿತ್ತು. ಬೈದುಕೊಳ್ಳುತ್ತ ತೊಳೆದೆ. ಪೊಟ್ಟಣದ ಡಬ್ಬಿಯನ್ನು ಒರೆಸಿ ಅದೇ ಜಾಗಕ್ಕೆ ಇಟ್ಟೆ. ಮೊಸರು ಕೆಟ್ಟಿದೆ ಎಂದು ಕಂಡ ನನಗೆ ಡಬ್ಬಿಯೂ ಅದೇ ಫ್ರಿಜ್ಜಿನಲ್ಲಿತ್ತು ಎಂದು ಹೊಳೆಯಲಿಲ್ಲ. ಐದು ವರ್ಷ ಹೊಳೆಯಲಿಲ್ಲ. ಅಥವಾ ಹೊಳೆಯಲು ನಾನು ಬಿಡಲಿಲ್ಲ. ಬೇರೆಯವರ ಕೆಲಸದಲ್ಲಿ ಸಾಸಿವೆಯಷ್ಟು ತಪ್ಪನ್ನೂ ಹುಡುಕುವ ಹೆಂಗಸು ನಾನು, ಯಾರದೋ ಹೊಲದ ತುಕ್ಕಿಗೆ ನೀರು ಹನಿಸಿ, ಹೊದಿಕೆ ಹೊದಿಸಿ, ಶನಿವಾರ ಭಾನುವಾರ ಅದರ ಮುಂದೆ ಕೂತಿದ್ದೆ.

ಆ ಭಾನುವಾರದಷ್ಟು ಒಂಟಿತನ ಅವರು ತೀರಿದ ದಿನವೂ ಆಗಿರಲಿಲ್ಲ. ಆವತ್ತು ಮನೆ ತುಂಬ ಜನ ಇದ್ದರು. ಈಗ ಲ್ಯಾಬಿನಲ್ಲಿ ಐದು ಪೊಟ್ಟಣ ಬಿಚ್ಚಿಟ್ಟುಕೊಂಡು ಕೂತವಳು ನಾನೊಬ್ಬಳೇ. ಇದನ್ನು ಹೇಳಿಕೊಳ್ಳಲು ಹೋದರೆ, ತುಕ್ಕು ಎಂದರೇನು ಎಂಬಲ್ಲಿಂದ ಶುರು ಮಾಡಬೇಕು.

ಸೋಮವಾರ ಹಾಜರಿ ಕರೆದ ಮೇಲೆ ಬೋರ್ಡಿನ ಮೇಲೆ ದುಂಡು ಬೀಜಕ ಬರೆದೆ. ಕುಂಡದಲ್ಲಿರುವುದು ಕರಿ ತುಕ್ಕಲ್ಲ, ಕಂದು ತುಕ್ಕು, ನಾನು ನೋಡದೆ ಹೇಳಿದ್ದೆ, ಕೊನೆಯ ಬೆಂಚಿನ ಹುಡುಗಿ ನೋಡಿ ಬಿಡಿಸಿದ್ದಾಳೆ, ಅವಳದೇ ಸರಿ ಎಂದೆ. ಅವಳು ತಲೆ ತಗ್ಗಿಸಿದಳು, ಬೈಸಿಕೊಂಡಾಗಿನಕ್ಕಿಂತ ಹೆಚ್ಚು ಹೆದರಿದವಳ ಹಾಗೆ.

ಎಲ್ಲರೂ ಹೋದ ಮೇಲೆ ಅವಳನ್ನು ಕರೆದು ರೆಕಾರ್ಡು ತೆಗೆಸಿದೆ. ನಾನು ಎಳೆದ ಎರಡು ಕೆಂಪು ಗೀಟುಗಳ ಪಕ್ಕದಲ್ಲಿ ‘ಚಿತ್ರ ಸರಿ ಇದೆ, ತಿದ್ದಿದವರದು ತಪ್ಪು’ ಎಂದು ಬರೆದು ಸಹಿ ಹಾಕಿದೆ. ಅವಳು ಅದನ್ನು ಓದಿ ಕೇಳಿದಳು: “ಮ್ಯಾಡಮ್, ಹಂಗಾದ್ರ ಉದ್ದಂದು ಎಲ್ಲಿ ಹೋತ್ರಿ?”

“ಸತ್ತೈತಿ,” ಎಂದೆ. “ನಾನ ಕೊಂದೇನಿ. ಗೊತ್ತಾಗಲಿಲ್ಲ ನನಗ.”

ಅವಳಿಗೆ ನಾನು ಬೇಜಾರಿನಲ್ಲಿರುವುದು ಕಂಡಿತು, ಯಾಕೆಂದು ತಿಳಿಯಲಿಲ್ಲ. ಸಮಾಧಾನ ಮಾಡುವವಳ ಹಾಗೆ ಹೇಳಿದಳು: “ಹೊಳ್ಳಿ ತರಾಕ ಬರ್ತೈತಲ್ರಿ. ನಮ್ಮೂರಾಗ ಇನ್ನೂ ಜವಾರಿ ಗೋದಿ ಹಾಕ್ತಾರ್ರಿ. ನಾ ಹುಡುಕ್ತೇನ್ರಿ, ಸಿಕ್ರ ಒದ್ದಿ ಅರಿವ್ಯಾಗ ಸುತ್ತಿ ತಂದ ಕೊಡ್ತೇನ್ರಿ.”

“ಬ್ಯಾಡವಾ,” ಎಂದೆ. “ನನಗ ಬೇಕಾದದ್ದು ರೋಗ ಅಲ್ಲ. ಅದನ್ನ ತರಾವ್ರು ನನ್ನ ಯಜಮಾನ್ರು. ಅವ್ರು ಸತ್ತಾರ.”

ಐದು ವರ್ಷದಲ್ಲಿ ಆ ಮಾತನ್ನು ನಾನು ಬಾಯಿಬಿಟ್ಟು ಯಾರಿಗೂ ಹೇಳಿರಲಿಲ್ಲ. ಬೇರೆಯವರೇ ನನಗೆ ಹೇಳಿದ್ದರು, ನಾನು ಹೂಂ ಎಂದಿದ್ದೆ. ಈಗ ಹೇಳಿದ ಮೇಲೆ ನಿಲ್ಲಿಸಲು ಆಗಲಿಲ್ಲ. ಮಕ್ಕಳು ಕೂರುವ ಸ್ಟೂಲಿನ ಮೇಲೆ ಕುಸಿದು ಕೂತು, ಒಬ್ಬ ವಿದ್ಯಾರ್ಥಿನಿಯ ಮುಂದೆ, ಜೋರಾಗಿ ಅತ್ತೆ. ಹುಡುಗಿ ಬಾಗಿಲ ಕಡೆ ಒಮ್ಮೆ ನೋಡಿದಳು, ನನ್ನ ಕಡೆ ಒಮ್ಮೆ ನೋಡಿದಳು. ಅವಳ ಬಸ್ಸಿನ ಹೊತ್ತಾಗಿತ್ತು. ಏನು ಮಾಡಬೇಕೋ ತಿಳಿಯದೆ, ಮೇಜಿನ ಮೇಲಿದ್ದ ಸ್ಲೈಡು ಒರೆಸುವ ಬಟ್ಟೆಯನ್ನು ತೆಗೆದು ನನ್ನ ಕೈಗೆ ಕೊಟ್ಟು, ಪಕ್ಕದ ಸ್ಟೂಲು ಎಳೆದುಕೊಂಡು ಕೂತಳು.